ಭಾವನ ಮುಖದಲ್ಲಿ ಹುಲಿ

ನಮ್ಮ ಮನೆಯವರು ನಾಲ್ಕು ಜನ ಒಂದು ಕಾರಿನಲ್ಲಿ ಕೂತರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ತಾನಾಗಿ ಆಗದಿದ್ದರೆ ನಾನು ಆಗಿಸುತ್ತೇನೆ. ನಂದೊಳ್ಳಿಯ ನೆಂಟರ ಗೃಹಪ್ರವೇಶಕ್ಕೆಂದು ಹೋಗಿ ಪಕ್ಕದ ಮನೆಯಲ್ಲಿ ಊಟ ಮುಗಿಸಿ, ಕವರು ಕೊಟ್ಟು ಬಂದವರು ನಾವು. ಹೆಂಡತಿ ಇದನ್ನು ಒಪ್ಪುವುದಿಲ್ಲ. ಊಟ ಮಾಡಿಲ್ಲ, ಬರೀ ಪಾನಕ ಕುಡಿದದ್ದು ಎನ್ನುತ್ತಾಳೆ. ನಾನು ಹೇಳುವ ಯಾವ ಸಂಗತಿಗೂ ಅವಳದ್ದೊಂದು ತಿದ್ದುಪಡಿ ಇದ್ದೇ ಇರುತ್ತದೆ. ಕೆಳಗಿನ ಪ್ರಸಂಗಗಳಲ್ಲಿ ಅಕ್ಕಿ ಬೇಳೆ ಎಲ್ಲ ನಡೆದದ್ದೇ, ಒಗ್ಗರಣೆ ಮಾತ್ರ ನನ್ನದು.

ಹಳೇ ತಕರಾರು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹುಲೇಕಲ್ಲಿನವರು. ಮದುವೆಗೆ ಮೊದಲು ಒಂದು ಸಂಜೆ ಬೆಟ್ಟಕ್ಕೆ ಸೊಪ್ಪು ತರಲು ಹೋದಾಗ ಅವರು ಹುಲಿ ಕಂಡಿದ್ದಾರೆ. ಹಾಗಂತ ಅವರು ಹೇಳುತ್ತಾರೆ. ಯಾರ ಮನೆಯ ಮದುವೆಯಾಗಲಿ ಉಪನಯನವಾಗಲಿ, ಪಂಕ್ತಿಯಲ್ಲಿ ಸಾರು ಮುಗಿದು ಹೋಳಿಗೆ ಬರುವ ನಡುವಿನ ಬಿಡುವಿನಲ್ಲಿ ಭಾವನ ಹುಲಿ ಬೆಟ್ಟದಿಂದ ಇಳಿಯುತ್ತದೆ. ಇಳಿದು ಎರಡು ಹೆಜ್ಜೆ ಇಡುವಷ್ಟರಲ್ಲಿ ಅಕ್ಕ ತುಪ್ಪದ ಮಿಳ್ಳೆ ಹಿಡಿದು ಅಲ್ಲಿಗೆ ಬಂದು, "ಅದು ಮೇಲಿನ ಮನೆ ನಾಯಿ" ಎಂದು ತುಪ್ಪ ಬಡಿಸಿ ಮುಂದೆ ಹೋಗುತ್ತಾಳೆ. ಇಡೀ ಪಂಕ್ತಿ ನಗುತ್ತದೆ. ಇಷ್ಟು ವರ್ಷಗಳಲ್ಲಿ ಆ ಹುಲಿ ಒಂದು ಸಲವೂ ಕಥೆಯ ಕೊನೆ ಮುಟ್ಟಿಲ್ಲ.

"ಆನು ಸುಳ್ಳು ಹೇಳವ್ನಾ ಭಾವಾ?" ಎಂದು ಒಂದು ದಿನ ನನ್ನನ್ನೇ ಕೇಳಿದರು (ನಮ್ಮ ಹವ್ಯಕರಲ್ಲಿ ಹೆಂಡತಿಯ ತಮ್ಮನೂ ಭಾವನೇ, 'ನಾನು' ಎಂದರೆ 'ಆನು'). ಸುಳ್ಳಿನ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳಲು ಬಂದರೆಂದರೆ ಎಷ್ಟು ಬೇಜಾರಾಗಿರಬೇಕು ನೋಡಿ. "ಸಾಯದ್ರೊಳಗೆ ಒಂದ್ಸಲನಾದ್ರೂ ಅವಳ ಬಾಯಲ್ಲಿ 'ಹೌದು, ಹುಲಿ' ಹೇಳಿ ಬರವು. ಅಷ್ಟೇ ಸಾಕು."

ನಾನು ಸಫಾರಿಯ ಉಪಾಯ ತೆಗೆದೆ. ಸಿದ್ದಾಪುರ ದಾಟಿ ಅರ್ಧ ದಿನ ಹೋದರೆ ಒಂದು ಪ್ರಾಣಿಧಾಮವಿದೆ. ಕಿಟಕಿಗೆ ಜಾಲರಿ ಹಾಕಿದ ಬಸ್ಸಿನಲ್ಲಿ ನಮ್ಮನ್ನು ಕೂರಿಸಿ ಪ್ರಾಣಿಗಳ ನಡುವೆಯೇ ಸುತ್ತಾಡಿಸುತ್ತಾರೆ. ಅಲ್ಲಿ ಅಕ್ಕನಿಗೆ ಹುಲಿ ತೋರಿಸಿದರೆ ಹುಲಿಗೂ ನಾಯಿಗೂ ಇರುವ ವ್ಯತ್ಯಾಸ ಅವಳಿಗೇ ತಿಳಿಯುತ್ತದೆ ಎಂದೆ.

ಅಕ್ಕ ಒಪ್ಪಿದಳು, ಆದರೆ ಬೇರೆಯೇ ಲೆಕ್ಕಾಚಾರದಲ್ಲಿ. "ಹುಲಿ ಎದುರಿಗೆ ಬಂದಾಗ ಇವ್ರ ಮುಖ ಹ್ಯಾಂಗಾಗ್ತು ಆನು ನೋಡ್ತೆ, ತಮಾ. ಮೊದಲು ಕಂಡವ್ರ ಮುಖ ಒಂದು ನಮನಿ, ಹೊಸದಾಗಿ ಕಾಣವ್ರ ಮುಖ ಒಂದು ನಮನಿ. ಮೊದಲೇ ಕಂಡಿದ್ದು ಹೌದಾದ್ರೆ ಅಲ್ಲೇ ಒಪ್ಪಿಗ್ಯತ್ತೆ."

"ಅದು ಮುಖದಲ್ಲಿ ನಿಂಗೆ ಗೊತ್ತಾಗ್ತಾ?"

"ಗೊತ್ತಾಗದ್ದೇ ಎಂತದು? ಹೆಣ್ಣು ನೋಡಲೆ ಬಂದ ಮಾಣಿಗಳ ಮುಖ ನೋಡಿ ನೋಡಿ ರೂಢಿ ಇದ್ದು. ಇದು ಇವಂಗೆ ಎಷ್ಟನೇ ಮನೆ ಹೇಳಿ ಬಾಗಿಲಲ್ಲೇ ಹೇಳ್ತಿದ್ದೆ."

"ಭಾವನ ಮುಖ ನೋಡಿದಾಗ?"

"ನಾಲ್ಕನೇ ಮನೆ," ಎಂದಳು ಅಕ್ಕ. "ಉಪ್ಪಿಟ್ಟು ಮುಟ್ಟಿದ್ದೇ ಇಲ್ಲೆ."

ಸಿಮೆಂಟಿನ ಹುಲಿ

ಅಕ್ಕ ಭಾವ ಹಿಂದಿನ ದಿನವೇ ಬಂದಿದ್ದರು, ಇಸಳೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಬೇಗ ಹೊರಟೆವು. ದಾರಿಯುದ್ದಕ್ಕೂ ಭಾವ ಕಾರಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದರು. ಪ್ರಾಣಿಧಾಮದ ಬಾಗಿಲಲ್ಲಿ ಹೆಂಗಸರಿಬ್ಬರನ್ನು ಟಿಕೀಟಿನ ಸಾಲಿನಲ್ಲಿ ನಿಲ್ಲಿಸಿ, ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

"ಭಾವಾ, ಹುಲಿ ಕಂಡಾಗ ಮುಖ ಹ್ಯಾಂಗೆ ಇಟ್ಗಳವು?"

"ನಿಂಗ ಮೊದಲೇ ಕಂಡವ್ರಲ್ದಾ? ಆವಾಗ ಹ್ಯಾಂಗಿತ್ತೋ ಹಂಗೇ."

"ಆವಾಗ ಓಡ್ತಾ ಇದ್ದಿದ್ದೆ ಮಾರಾಯಾ. ಮುಖ ಯಾರು ನೋಡಿದ್ದ!"

ಅಲ್ಲೇ ಬಾಗಿಲ ಬಳಿ ಮಕ್ಕಳು ಫೋಟೋ ತೆಗೆಸಿಕೊಳ್ಳಲಿ ಎಂದು ಬಾಯಿ ತೆರೆದ ಒಂದು ಸಿಮೆಂಟಿನ ಹುಲಿ ಕೂರಿಸಿದ್ದರು. ಭಾವನನ್ನು ಅದರ ಮುಂದೆ ನಿಲ್ಲಿಸಿ ತಾಲೀಮು ಶುರುಮಾಡಿಸಿದೆ. ಮೊದಲನೇ ಸಲ ಕಣ್ಣು ದೊಡ್ಡದಾಯಿತು. ಎರಡನೇ ಸಲ ಹಲ್ಲುನೋವಿನವರ ಹಾಗಾಯಿತು. "ಅಡಿಕೆ ಸೊಸೈಟಿಯಲ್ಲಿ ಹಳೇ ಗುರುತಿನವ್ರು ಸಿಕ್ಕ ಹಂಗೆ ಇರಲಿ," ಎಂದೆ. ಭಾವ ಹುಲಿಯತ್ತ ಕುತ್ತಿಗೆ ಬಾಗಿಸಿ, ಎದೆಯ ಮೇಲೆ ಕೈಯಿಟ್ಟು, "ಓಹೋ, ಆರಾಮಾ?" ಎಂದರು.

ಅಷ್ಟರಲ್ಲಿ ಸುತ್ತ ನಾಲ್ಕಾರು ಜನ ನಿಂತಿದ್ದರು. "ಏನ್ ಮಾಡ್ತಿದಾರೆ ಅವರು?" ಎಂದು ಒಬ್ಬಾಕೆ ಮೆಲ್ಲಗೆ ಕೇಳಿದಳು.

ಇಂಥ ಪ್ರಶ್ನೆ ನನ್ನನ್ನು ಕೇಳಬಾರದು. "ನಮ್ಮ ಕಡೆ ಹುಲಿದೇವರನ್ನು ನಂಬ್ತಾರೆ," ಎಂದೆ. ಅದು ನಿಜವೇ. "ಒಳಗೆ ಹೋಗೋಕೆ ಮೊದಲು ಇಲ್ಲಿ ಕೈ ಮುಗಿದು ಕ್ಷೇಮ ವಿಚಾರಿಸಿದರೆ ಮಾತ್ರ ಹುಲಿ ದರ್ಶನ ಕೊಡ್ತದೆ." ಇದು ಆಗಷ್ಟೇ ಹುಟ್ಟಿದ್ದು.

ಆಕೆ ಕೈಮುಗಿದಳು. ಆಕೆಯ ಗಂಡ ಚಪ್ಪಲಿ ಬಿಟ್ಟ. ಹಿಂದಿನವರು ಮುಂದಿನವರನ್ನು ನೋಡಿ ಸಾಲು ಕಟ್ಟಿದರು. ಯಾರದೋ ಪರ್ಸಿನಿಂದ ಕುಂಕುಮ ಬಂತು, ಇನ್ಯಾರದೋ ಚೀಲದಿಂದ ಬಾಳೆಹಣ್ಣು. ನಾನು ಮರೆಯಲ್ಲಿ ನಿಂತು ನಗು ತಡೆಯುತ್ತಿರುವಾಗ ಹೆಂಡತಿ ಟಿಕೀಟು ಹಿಡಿದು ಬಂದು, ನನ್ನ ಮುಖ ನೋಡಿದ್ದೇ, "ಇದು ನಿಂಗಳದ್ದೇ ಕೆಲ್ಸ" ಎಂದಳು.

"ಇಲ್ಲಪ್ಪ. ಇದು ಮೊದ್ಲಿಂದ ನಡಕಂಡು ಬಂದಿದ್ದು."

"ಸುಳ್ಳು ಹೇಳಡಿ. ಅತ್ತಿಗೆ ಎಲ್ಲಿ?"

ಅತ್ತಿಗೆ, ಅಂದರೆ ನಮ್ಮ ಅಕ್ಕ, ಸೆರಗು ಹೊದ್ದು ಸಿಮೆಂಟಿನ ಹುಲಿಗೆ ಪ್ರದಕ್ಷಿಣೆ ಹಾಕುತ್ತಿದ್ದಳು.

ಬೆಳ್ಳುಳ್ಳಿ ಸಂಬಂಧ

ಸಫಾರಿ ಬಸ್ಸು ಹೊರಡಲು ಜನ ತುಂಬಬೇಕಿತ್ತು. ನಮ್ಮ ಕಡೆಯವರಿಗೆ ಒಂದು ಅಭ್ಯಾಸ. ಯಾರೇ ಎದುರಿಗೆ ಕೂತರೂ ಅವರ ಊರು ಕೇಳಿ, ಮನೆ ಕೇಳಿ, ಎಲ್ಲಾದರೂ ಒಂದು ನೆಂಟಸ್ತಿಕೆ ಹೊರಡಿಸದೆ ಗಂಟಲಲ್ಲಿ ನೀರಿಳಿಯುವುದಿಲ್ಲ. ಭಾವ ಡ್ರೈವರನ ಹಿಂದಿನ ಸೀಟು ಹಿಡಿದು ಶುರುಮಾಡಿದರು.

"ಯಾವೂರಾತು ನಿಮ್ದು?"

"ಹಾನಗಲ್ ಕಡೀರಿ."

"ಹಾನಗಲ್ಲಲ್ಲಿ ಯಾರ ಪೈಕಿ?"

"ಪೈಕಿ ಅಂದ್ರ... ನಮ್ಮಪ್ಪನ ಪೈಕೀರಿ."

ಅಕ್ಕ ಹಣೆ ಒತ್ತಿಕೊಂಡಳು. ಭಾವ ಬಿಡಲಿಲ್ಲ. ಹಾನಗಲ್ಲಿನಿಂದ ಬನವಾಸಿಗೆ ಬಂದರು, ಬನವಾಸಿಯಿಂದ ಶಿರಸಿ ಸಂತೆಗೆ. ಕೊನೆಗೆ ಡ್ರೈವರನ ಸೋದರಮಾವ ಒಂದು ಕಾಲದಲ್ಲಿ ಶಿರಸಿ ಸಂತೆಯಲ್ಲಿ ಕೂತು ಬೆಳ್ಳುಳ್ಳಿ ಮಾರುತ್ತಿದ್ದ ಎಂಬ ಎಳೆ ಸಿಕ್ಕಿತು.

"ಎತ್ತರದವ್ರಾ? ಬಿಳೀ ಮೀಸೆ?"

"ಹೌದ್ರಿ! ನಿಮಗ ಹೆಂಗ ಗೊತ್ತ್ರಿ?"

"ಗೊತ್ತಾ ಅಂದ್ರೆ? ನಮ್ಮನೆ ಉಪ್ಪಿನಕಾಯಿಗೆ ಅವರದ್ದೇ ಬೆಳ್ಳುಳ್ಳಿ!"

ಹವ್ಯಕರ ಅಡಿಗೆಮನೆಗೆ ಬೆಳ್ಳುಳ್ಳಿ ಬಂದದ್ದು ಯಾವಾಗ ಎಂದು ಅಕ್ಕ ಕಣ್ಣಲ್ಲೇ ಕೇಳಿದಳು. ಭಾವ ಆ ಕಡೆ ನೋಡಲಿಲ್ಲ. ಡ್ರೈವರನ ಕಣ್ಣು ತುಂಬಿ ಬಂದಿತ್ತು. ಮಾವ ತೀರಿಕೊಂಡು ಬಹಳ ಕಾಲವಾಯಿತಂತೆ, ಅವನ ಹೆಸರೆತ್ತಿದವರೇ ಇಲ್ಲವಂತೆ.

"ನೀವು ನಮ್ಮ ಮಂದಿ ಆದ್ರಿ ಈಗ," ಎಂದು ಆತ ಎದೆ ತಟ್ಟಿಕೊಂಡ. "ಉಳದ ದಿನ ಒಂದ ಸುತ್ತು ಹೊಡದು ಬಂದ್ಬಿಡ್ತೀನ್ರಿ. ಇವತ್ತ ನಿಮಗ ಹುಲಿ ತೋರಿಸೋ ತನಕ ಈ ಬಸ್ಸು ಹೊರಗ ಬರೂದಿಲ್ಲ!"

ಭಾವ ನನ್ನ ಕಡೆ ತಿರುಗಿ ಮೆಲ್ಲಗೆ, "ಅಷ್ಟೊಂದು ಕಟ್ಟುನಿಟ್ಟಲ್ಲಿ ಬ್ಯಾಡಾಗಿತ್ತು," ಎಂದರು.

ಸಿಂಹಕ್ಕೊಂದು ಮುಖ

ಮೊದಲು ಜಿಂಕೆ, ಕಡವೆ. ಆಮೇಲೆ ಒಂದು ಗೇಟು ದಾಟಿದರೆ ಕರಡಿ. ಇನ್ನೊಂದು ಗೇಟು ದಾಟಿದರೆ ಸಿಂಹ. ಇಡೀ ಬಸ್ಸು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತಿತ್ತು. ಅಕ್ಕ ಮಾತ್ರ ಎತ್ತಲೂ ವಾಲದೆ, ಡ್ರೈವರನ ಪಕ್ಕದ ಸೀಟಿನಲ್ಲಿ ಹಿಂದುಮುಂದಾಗಿ, ಭಾವನಿಗೆ ಎದುರಾಗಿ ಕೂತು ಅವರ ಮುಖವನ್ನೇ ನೋಡುತ್ತಿದ್ದಳು. ಕಷಾಯಕ್ಕಿಟ್ಟ ನೀರು ಯಾವಾಗ ಕುದಿಯುತ್ತದೆ ಎಂದು ನೋಡುವವರ ಹಾಗೆ.

"ಕರಡಿಗೆ ಎಂತದೂ ಆಜಿಲ್ಲೆ," ಎಂದು ನನಗೆ ವರದಿ ಕೊಟ್ಟಳು. "ಅದು ಕಂಡಿದ್ದು ಹೌದು. ಆನೇ ಸಾಕ್ಷಿ. ಸಿಂಹಕ್ಕೆ ಹುಬ್ಬು ಮೇಲೆ ಹೋತು. ಇದು ಹೊಸದಾಗಿ ಕಂಡ ಮುಖ. ಹುಲಿಗೂ ಹಿಂಗೇ ಆತು ಹೇಳಾದ್ರೆ ತೀರ್ಪು ಆದಂಗೇ."

ಭಾವ ಹುಬ್ಬು ಕೆಳಗಿಳಿಸಿ ಕೈಯಿಂದ ಒತ್ತಿ ಹಿಡಿದರು.

ಹಿಂದಿನ ಸೀಟಿನ ಗೃಹಸ್ಥರಿಗೆ ನೋಡಿ ನೋಡಿ ತಡೆಯಲಾಗಲಿಲ್ಲ. ದುಡ್ಡು ಕೊಟ್ಟು ಬಂದ ಹೆಂಗಸು ಬೆನ್ನು ತಿರುಗಿಸಿ ಕೂತಿದ್ದಾಳಲ್ಲ ಎಂದು ಮರುಕವಾಗಿರಬೇಕು. "ಅಮ್ಮಾ, ಈ ಕಡೆ ನೋಡಿ, ಸಿಂಹ ಎದ್ದು ನಿಂತಿದೆ," ಎಂದರು.

ಅಕ್ಕ ಕಣ್ಣು ಕದಲಿಸಲಿಲ್ಲ. "ನೀವು ನೋಡಿ," ಎಂದಳು. "ನಂದು ಇಲ್ಲೇ ಕೂತಿದೆ."

ಕವಳ

ಹುಲಿಯ ಗೇಟಿನ ಮುಂದೆ ಬಸ್ಸು ನಿಂತಿತು. ಭಾವ ಬೆವರುತ್ತಿದ್ದರು. ನನ್ನ ಕಿವಿಯಲ್ಲಿ, "ಎನ್ನ ಮುಖ ಎನ್ನ ಮಾತು ಕೇಳ್ತಿಲ್ಲೆ. ಎಂತಾದ್ರೂ ಮಾಡು," ಎಂದರು.

ನನಗೆ ಥಟ್ಟನೆ ಹೊಳೆಯಿತು. "ಕವಳ ಹಾಕಿ, ಭಾವಾ. ದೊಡ್ಡದು."

ಎಲೆ, ಅಡಿಕೆ, ಸುಣ್ಣ, ತಂಬಾಕು ತುಂಬಿದ ಬಾಯಿ ನಮ್ಮ ಸೀಮೆಯಲ್ಲಿ ದೊಡ್ಡ ರಕ್ಷಣೆ. ಪಂಚಾಯ್ತಿಗೆ ಕೂತ ಹಿರಿಯರನ್ನು ನೋಡಿ. ಕವಳ ಹಾಕಿಕೊಂಡವನ ಮುಖ ನೋಡಿ ಅವನು ಯಾರ ಪರ ಎಂದು ಹೇಳಲು ಬ್ರಹ್ಮನಿಗೂ ಸಾಧ್ಯವಿಲ್ಲ. ಪ್ರಶ್ನೆ ಕೇಳಿದರೆ ಗಲ್ಲ ಮೇಲೆತ್ತಿ "ಉಂ" ಎನ್ನುತ್ತಾನೆ, ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಭಾವನ ಕಣ್ಣು ಬೆಳಗಿತು. ಜೇಬಿನಿಂದ ಕವಳದ ಸಂಚಿ ತೆಗೆದು, ಇದ್ದಬದ್ದ ಎಲೆಗಳನ್ನೆಲ್ಲ ಒಟ್ಟಿಗೆ ಮಡಚಿ ಬಾಯಿಗೆ ತುರುಕಿದರು. ಎರಡೂ ಕೆನ್ನೆ ಉಬ್ಬಿ ಮುಖದಲ್ಲಿ ಭಾವನೆಗಳಿಗೆ ಜಾಗವೇ ಉಳಿಯಲಿಲ್ಲ. ಅಕ್ಕನ ಮುಖ ಮೊದಲ ಸಲ ಸಣ್ಣದಾಯಿತು.

ನಾನು ಯೋಚಿಸದೇ ಇದ್ದದ್ದು ಒಂದೇ. ಮನೆಯಲ್ಲಾದರೆ ಜಗಲಿಯಿಂದ ಅಂಗಳಕ್ಕೆ ಉಗುಳಬಹುದು. ಈ ಬಸ್ಸಿನ ಕಿಟಕಿಗಳಿಗೆ ಬೆರಳು ತೂರದಷ್ಟು ಸಣ್ಣ ಜಾಲರಿ. "ಬಾಗಲಾ ಮುಟ್ಟಬ್ಯಾಡ್ರಿ, ಎದ್ದು ನಿಲ್ಲಬ್ಯಾಡ್ರಿ," ಎಂದು ಡ್ರೈವರು ಕೂಗಿ ಬಸ್ಸನ್ನು ಒಳಗೆ ನುಗ್ಗಿಸಿದ.

ಒಂದು ಸುತ್ತಾಯಿತು. ಹುಲಿ ಇಲ್ಲ. ಉಳಿದವರು "ಇರಲಿ ಬಿಡಿ, ಹೋಗೋಣ" ಎಂದರು. ಭಾವನೂ ತಲೆಯನ್ನು ಜೋರಾಗಿ ಹೂಂ ಎಂದು ಆಡಿಸಿದರು. ಬಾಯಲ್ಲಿ ರಸ ಏರತೊಡಗಿತ್ತು.

"ಎಲ್ಲೀದು ಬಿಡೂದು!" ಎಂದ ಡ್ರೈವರು. "ನಮ್ಮ ಮಾವನ ಗಿರಾಕಿ ಅವರು. ತೋರಸೇ ತೋರಸ್ತೀನಿ!" ಮತ್ತೆ ಬಸ್ಸು ತಿರುಗಿಸಿದ. ಹೊಂಡದಲ್ಲಿ ಇಳಿದಾಗಲೆಲ್ಲ ಭಾವ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಕಣ್ಣಂಚಲ್ಲಿ ನೀರು, ಕಿವಿ ಕೆಂಪು. ತಂಬಾಕು ತನ್ನ ಕೆಲಸ ಶುರುಮಾಡಿತ್ತು. "ಉಂ... ಉಂ..." ಎಂದು ಡ್ರೈವರನ ಬೆನ್ನು ತಟ್ಟಿದರು.

"ಗಾಬರಿ ಆಗಬ್ಯಾಡ್ರಿ ಮಾವಾರ, ಇನ್ನೊಂದ ಸುತ್ತು ಹೋಗೂಣು!" ಎಂದ ಆತ ಪ್ರೀತಿಯಿಂದ.

ನನ್ನ ಹೆಂಡತಿಗೆ ಸಂಕಟ ಅರ್ಥವಾಯಿತು. ಚೀಲದಲ್ಲಿ ತಲೆ ಹುದುಗಿಸಿ, ಉಗುಳಲು ಯಾವುದಾದರೂ ಡಬ್ಬಿ ಸಿಕ್ಕೀತೇ ಎಂದು ಹುಡುಕತೊಡಗಿದಳು. ನಾನು ಮೊಬೈಲು ಹೊರತೆಗೆದೆ. ಇಂಥದ್ದು ಜೀವಮಾನದಲ್ಲಿ ಒಂದೇ ಸಲ ಸಿಗುವುದು. ಸರಿಯಾಗಿ ಆಗಲೇ ಬಸ್ಸಿಗೆ ಬಸ್ಸೇ "ಹುಲಿ! ಹುಲಿ!" ಎಂದು ಕೂಗಿತು.

"ಹಾ! ಆತು!" ಎಂದು ಅಕ್ಕ ಭಾವನ ಗಲ್ಲ ಹಿಡಿದೆತ್ತಿದಳು. ಭಾವನ ಕಣ್ಣು ಹೊರಗೆ ಬಂದಿತ್ತು, ಹುಬ್ಬು ಕೂದಲಿಗೆ ತಾಗಿತ್ತು, ಹಣೆಯಿಂದ ಬೆವರು ಧಾರೆ. "ನೋಡು ತಮಾ, ನೋಡು! ಹೊಸದಾಗಿ ಕಂಡ ಮುಖ! ಇದಕ್ಕಿಂತ ಹೊಸದು ಇಲ್ಲೆ! ನಾಯಿಯೇ ಅದು, ಆನು ಮೊದಲೇ ಹೇಳಿದ್ದೆ!"

"ಉಂಹೂಂ! ಉಂಹೂಂ!" ಎಂದರು ಭಾವ. ಬಾಯಿ ಬಿಟ್ಟರೆ ಅಕ್ಕನ ಸೀರೆ ಹೋಗುತ್ತಿತ್ತು. ಇಷ್ಟು ವರ್ಷದ ಮರ್ಯಾದೆ ಪ್ರಶ್ನೆ, ವಾದಿಸಲು ನಾಲಿಗೆಯೇ ಇಲ್ಲ. ಕೈ ಮುಗಿದರು, ಬಾಯಿ ತೋರಿಸಿದರು, ಆಕಾಶ ತೋರಿಸಿದರು. ಕೊನೆಗೆ ನನ್ನ ಹೆಂಡತಿ ಚಕ್ಕುಲಿ ಡಬ್ಬಿ ಖಾಲಿ ಮಾಡಿ ಕೊಟ್ಟಳು. ಭಾವ ತಲೆ ಬಗ್ಗಿಸಿ ಬಹಳ ಹೊತ್ತು ಆ ಡಬ್ಬಿಯೊಳಗೇ ಇದ್ದರು. ಮುಖ ಎತ್ತಿ, ಬಾಯಿ ಒರೆಸಿಕೊಂಡು, ಮೊದಲ ಮಾತು ಆಡಿದರು:

"ಎಲ್ಲಿದ್ದು ಹುಲಿ?"

ಬಸ್ಸು ಗೇಟಿನ ಹೊರಗೆ ನಿಂತಿತ್ತು.

ಜಗಲಿಯಲ್ಲಿ

ವಾಪಸು ಹೊರಟೆವು. ಸಿದ್ದಾಪುರದಲ್ಲಿ ಚಹಾ ಕುಡಿದು ಮತ್ತೆ ಕಾರು ಹತ್ತಿದ ಮೇಲೆ ಅಕ್ಕ, "ಮುಖದಲ್ಲಿ ಎಲ್ಲಾ ಇತ್ತು. ಇನ್ನು ಹುಲಿ ಸುದ್ದಿ ಎತ್ತಡಿ," ಎಂದು ತೀರ್ಪು ಓದಿದಳು.

"ಆನು ಹುಲಿ ನೋಡಿದ್ನೇ ಇಲ್ಲೆ ಇವತ್ತು!" ಎಂದು ಭಾವ ಸಿಡಿದರು. "ಹುಲಿ ಬಂದಾಗ ಎನ್ನ ಕಣ್ಣೆದುರಿಗೆ ನೀನೇ ಇದ್ದಿದ್ದೆ. ಗಲ್ಲ ಹಿಡ್ಕಂಡಿದ್ದೆ!"

"ಹಂಗಾರೆ ಆ ಹೆದರಿದ ಮುಖ?"

"ನಿನ್ನ ನೋಡಿದ್ದಕ್ಕೆ!"

ನಾನು ಕಾರು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಸ್ಟಿಯರಿಂಗ್ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ನಗು ಇಳಿದ ಮೇಲೆ ಅಕ್ಕ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಸಣ್ಣ ದನಿಯಲ್ಲಿ, "ಆನೂ ನೋಡಿದ್ನಿಲ್ಲೆ," ಎಂದಳು. ನನ್ನ ಹೆಂಡತಿ ಚೀಲದೊಳಗಿದ್ದಳು. ಇನ್ನು ಉಳಿದವನು ನಾನು, ನನ್ನ ಕಣ್ಣು ಮೊಬೈಲಿನಲ್ಲಿತ್ತು. ಮೊಬೈಲಿನಲ್ಲಿ ಹುಲಿ ಸಿಕ್ಕಿರಬಹುದೆಂದು ಎಲ್ಲರೂ ತಲೆ ಸೇರಿಸಿ ವಿಡಿಯೋ ನೋಡಿದೆವು. ಶುರುವಿನಿಂದ ಕೊನೆಯವರೆಗೆ ಭಾವನ ಎರಡು ಕೆನ್ನೆ, ಹಿನ್ನೆಲೆಯಲ್ಲಿ ಜನರ ಕೂಗು.

ಅವರಿಬ್ಬರನ್ನು ಮನೆಗೆ ಬಿಡಲು ಹುಲೇಕಲ್ಲಿಗೆ ಹೋದರೆ ಜಗಲಿಯ ತುಂಬ ಜನ. ಸಫಾರಿಗೆ ಹೋಗುತ್ತೇನೆ, ಇವರ ಹುಲಿಯನ್ನು ಪರೀಕ್ಷೆ ಮಾಡಿಸಿಕೊಂಡು ಬರುತ್ತೇನೆ ಎಂದು ಅಕ್ಕ ಇಡೀ ಕೇರಿಗೆ ಸಾರಿ ಬಂದಿದ್ದಳು. ಆಚೆಮನೆಯಾಕೆ ಕಾಲು ಚಾಚಿ ಕೂತು, ಹೂ ಕಟ್ಟುತ್ತ, "ಹುಲಿ ಕಂಡ್ಯನೇ?" ಎಂದಳು.

ಅಕ್ಕ ಒಂದು ಕ್ಷಣ ನನ್ನನ್ನು ನೋಡಿದಳು. ನಾನು ಕಂಬ ನೋಡಿದೆ.

"ಕಂಡಿ," ಎಂದಳು ಅಕ್ಕ. "ಕಾಣದ್ದೇ ಎಂತ? ಎದುರಿಗೇ ಬಂತು."

"ಹ್ಯಾಂಗಿತ್ತೇ? ಹೇಳು ಹೇಳು!" ಆಚೆಮನೆಯಾಕೆ ಕಟ್ಟುತ್ತಿದ್ದ ಹೂ ಕೆಳಗಿಟ್ಟಳು, ಎಲ್ಲರೂ ಹತ್ತಿರ ಸರಿದರು.

"ಹ್ಯಾಂಗಿತ್ತು ಹೇಳಿದ್ರೆ..." ಅಕ್ಕ ಕೈ ಅಗಲ ಮಾಡಿದಳು, ಮತ್ತೆ ಸ್ವಲ್ಪ ಹತ್ತಿರ ತಂದಳು, ಮತ್ತೆ ಅಗಲ ಮಾಡಿದಳು. ಅವಳ ಹಣೆಯಲ್ಲಿ ಬೆವರು ಮೂಡಿದ್ದನ್ನು ನಾನು ಕಂಡೆ. ಆಮೇಲೆ ಅವಳು ನಮ್ಮ ವಂಶದಲ್ಲಿ ಯಾರೂ ನಿರೀಕ್ಷಿಸದ ಕೆಲಸ ಮಾಡಿದಳು. ಭಾವನ ಕಡೆ ತಿರುಗಿ, "ಎನ್ನತ್ರ ಎಂತಕ್ಕೆ ಕೇಳ್ತಿ? ಇವ್ರನ್ನ ಕೇಳಿ, ಚೆನ್ನಾಗಿ ಹೇಳ್ತ," ಎಂದಳು.

ಭಾವ ಮೆಟ್ಟಿಲ ಮೇಲೆ ಚಪ್ಪಲಿ ಬಿಡುತ್ತಿದ್ದವರು ಹಾಗೇ ನಿಂತರು. ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿದರು. ಗಂಟಲು ಸರಿಮಾಡಿಕೊಂಡು, ಜಗಲಿಯ ನಡುವೆ ಬಂದು ಕೂತು, ಮಡಿಕೆ ಬೀಳದಂತೆ ಪಂಚೆ ಸರಿಪಡಿಸಿಕೊಂಡು, ಅತ್ಯಂತ ವಿನಯದಿಂದ ಕೇಳಿದರು:

"ಯಾವುದು ಹೇಳವು? ಇವತ್ತಿಂದೋ, ಆವತ್ತಿಂದೋ?"

"ಯಾವುದಾದ್ರೂ ಹೇಳಿ ಮಾರಾಯ್ರೆ," ಎಂದಳು ಅಕ್ಕ. "ಹುಲಿ ಎಲ್ಲಾ ಒಂದೇ ನಮನಿ ಇರ್ತು."